10 ಲಕ್ಷದ ಆಸುಪಾಸಿನ ಎಲೆಕ್ಟ್ರಿಕ್ ಕಾರು: ಮೂರ್ನಾಡು–ಮಡಿಕೇರಿ ಓಡಾಟಕ್ಕೆ ಲೆಕ್ಕ ಕೂಡುತ್ತಾ?

ಬಾಣೆಮನೆ
9 ನವೆಂಬರ್ 2025, ಸಂಜೆ 7.40

ಮೂರ್ನಾಡು ಪಕ್ಕ ಮನೆ. ತಾರು ರಸ್ತೆಯಿಂದ ಅಂಗಳಕ್ಕೆ 700 ಮೀಟರ್ ತೋಟದ ರಸ್ತೆ. ಕೊನೆಯ ಏರಿಗೆ ಮಾತ್ರ ಕಾಂಕ್ರೀಟ್, ಉಳಿದದ್ದೆಲ್ಲ ಮಣ್ಣು. ಶಾಲೆ ಇರೋ ದಿನ ಮಡಿಕೇರಿಗೆ ಹೋಗಿ ಬರೋದು, ವಾರಕ್ಕೆ ಎರಡು ದಿನ ಮಧ್ಯಾಹ್ನ ಇನ್ನೊಂದು ಸುತ್ತು. ಇಷ್ಟಕ್ಕೇ ತಿಂಗಳಿಗೆ 930 ಕಿ.ಮೀ ಆಗುತ್ತೆ. ಅದರ ಮೇಲೆ ತಿಂಗಳಿಗೊಮ್ಮೆ ಸುಳ್ಯ, ಒಮ್ಮೆ ಮೈಸೂರು. ಒಟ್ಟು 1,300 ಹಿಡ್ಕೊಳ್ಳಿ.

ನೋಡ್ತಾ ಇರೋದು ಟಾಟಾ ಟಿಯಾಗೊ ಇವಿ (ಎಲೆಕ್ಟ್ರಿಕ್ ಕಾರು), ಬ್ಯಾಟರಿ 24 ಕಿಲೋವ್ಯಾಟ್ ಅವರ್, ಅಂದರೆ 24 ಯೂನಿಟ್. ಎಂಜಿಯ ಸಣ್ಣ ಇವಿ ಕಾಮೆಟ್ ಅಗ್ಗಕ್ಕೆ ಸಿಗುತ್ತೆ ಅಂತ ಮನೆಯಲ್ಲಿ ಒಬ್ಬರ ವಾದ. ಎದುರಿಗೆ ಇಟ್ಟುಕೊಂಡಿರೋದು ಆರೂವರೆ ಲಕ್ಷದ ಪೆಟ್ರೋಲ್ ಎಎಂಟಿ (ತಾನೇ ಗೇರ್ ಬದಲಿಸೋ ಕಾರು). ಮನೆಯ ಕರೆಂಟ್ ತಿಂಗಳಿಗೆ 90 ಯೂನಿಟ್, ಗೃಹಜ್ಯೋತಿಯಿಂದ ಬಿಲ್ ಸೊನ್ನೆ.

ಕೇಳಬೇಕಾದ್ದು ಮೂರು. ಎರಡು ಎರಡೂವರೆ ಲಕ್ಷ ಜಾಸ್ತಿ ಕೊಟ್ಟಿದ್ದು ವಾಪಸ್ ಬರುತ್ತಾ? ಸುಳ್ಯದ ದಾರಿಯ ಸಂಪಾಜೆ ಘಾಟಿ ಹತ್ತುವಾಗ ಚಾರ್ಜ್ ಎಷ್ಟು ತಿನ್ನುತ್ತೆ? ಹಳೇ ಮನೆಯ ವೈರಿಂಗ್‌ನಲ್ಲಿ ಚಾರ್ಜಿಂಗ್ ನಡೆಯುತ್ತಾ?

ಲೆಕ್ಕದಪುಸ್ತಕ
9 ನವೆಂಬರ್, ರಾತ್ರಿ 9.15

ಮೊದಲು ಬೆಲೆ. ಶೋರೂಮ್ ಬೋರ್ಡಿನ ಬೆಲೆ ಹೋಲಿಸಬೇಡಿ, ರಸ್ತೆಗಿಳಿಯೋ ಬೆಲೆ ಹೋಲಿಸಿ. ನಮ್ಮ ರಾಜ್ಯದಲ್ಲಿ ಇವೆರಡಕ್ಕೂ ಬಹಳ ಅಂತರ.

ಪೆಟ್ರೋಲ್ ಎಎಂಟಿ ಎಕ್ಸ್ ಶೋರೂಮ್ 6.50 ಲಕ್ಷ. 5ರಿಂದ 10 ಲಕ್ಷದ ಕಾರಿಗೆ ಜೀವಿತಾವಧಿ ತೆರಿಗೆ ಶೇ 14, ಆ ತೆರಿಗೆಯ ಮೇಲೆ ಶೇ 11 ಸೆಸ್. ಎರಡೂ ಸೇರಿ ಶೇ 15.54, ಅಂದರೆ 1.01 ಲಕ್ಷ. ವಿಮೆ, ನೋಂದಣಿ ಎಲ್ಲ ಸೇರಿದರೆ ಸುಮಾರು 7.95 ಲಕ್ಷ. ಇವಿ ಎಕ್ಸ್ ಶೋರೂಮ್ 10.1 ಲಕ್ಷ ಅಂತಿಟ್ಟುಕೊಳ್ಳಿ. 2025ರ ನಿಯಮದಲ್ಲಿ 25 ಲಕ್ಷಕ್ಕಿಂತ ಕೆಳಗಿನ ಇವಿಗೆ ಜೀವಿತಾವಧಿ ತೆರಿಗೆ ಇಲ್ಲ. 2024ರಲ್ಲಿ ಶೇ 10 ಹಾಕಿದ್ದು ಅದಕ್ಕೂ ಮೇಲಿನದಕ್ಕೆ. ವಿಮೆ ತುಸು ಜಾಸ್ತಿ, ಯಾಕಂದರೆ ಗಾಡಿಯ ಘೋಷಿತ ಮೌಲ್ಯವೇ ಜಾಸ್ತಿ. ಎಲ್ಲ ಸೇರಿ 10.55 ಲಕ್ಷಕ್ಕೆ ನಿಲ್ಲುತ್ತೆ. ಬೋರ್ಡಿನಲ್ಲಿ 3.6 ಲಕ್ಷ ಕಂಡ ಅಂತರ ನಿಜದಲ್ಲಿ 2.6 ಲಕ್ಷ.

ಈ ಸೆಪ್ಟೆಂಬರ್ 22ರಿಂದ ಸಣ್ಣ ಪೆಟ್ರೋಲ್ ಕಾರಿನ ಜಿಎಸ್‌ಟಿ ಶೇ 18ಕ್ಕೆ ಇಳಿದಿದೆ, ಇವಿಯದ್ದು ಮೊದಲಿನ ಹಾಗೇ ಶೇ 5. ಹೋದ ವರ್ಷ ಯಾರೋ ಹಾಕಿಕೊಟ್ಟ ಲೆಕ್ಕ ಇದ್ದರೆ ಪಕ್ಕಕ್ಕಿಡಿ, ಅದರಲ್ಲಿ ಇವಿ ಇರೋದಕ್ಕಿಂತ ಚೆನ್ನಾಗಿ ಕಾಣುತ್ತೆ. ಎಕ್ಸ್ ಶೋರೂಮ್ 10 ಲಕ್ಷ ದಾಟಿದರೆ ಶೇ 1 ಟಿಸಿಎಸ್ (ಮಾರುವವರೇ ಮುಂಚಿತವಾಗಿ ವಸೂಲು ಮಾಡೋ ಆದಾಯ ತೆರಿಗೆ) ಕಟ್ಟಿಸಿಕೊಳ್ತಾರೆ. ರಿಟರ್ನ್ ಹಾಕುವಾಗ ಅದು ವಾಪಸ್ ಸಿಗುತ್ತೆ, ಹಾಗಾಗಿ ಖರ್ಚಿಗೆ ಸೇರಿಸಿಲ್ಲ. ಆದಾಯ ತೆರಿಗೆಯಲ್ಲಿ ಒಂದೂವರೆ ಲಕ್ಷ ಬಡ್ಡಿ ವಿನಾಯಿತಿ ಇದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಆ 80ಇಇಬಿ ಸೆಕ್ಷನ್ 2023ರ ಮಾರ್ಚ್ 31ರೊಳಗೆ ಮಂಜೂರಾದ ಸಾಲಕ್ಕೆ ಮಾತ್ರ. ಖಾಸಗಿ ಕಾರಿಗೆ ಕೇಂದ್ರದ ಸಬ್ಸಿಡಿಯೂ ಇಲ್ಲ.

ಇನ್ನು ತಿಂಗಳ ಖರ್ಚು. ಮಡಿಕೇರಿ ಏರಿಳಿತದಲ್ಲಿ ಪೆಟ್ರೋಲ್ ಎಎಂಟಿಗೆ ಲೀಟರ್‌ಗೆ 15 ಹಿಡಿಯಿರಿ. 1,300 ಕಿ.ಮೀಗೆ 87 ಲೀಟರ್, ಲೀಟರ್‌ಗೆ 103ರಂತೆ ಹತ್ತಿರ ಹತ್ತಿರ 8,950 ರೂಪಾಯಿ. ಇವಿಗೆ ಗೋಡೆಯ ಮೀಟರ್ ಲೆಕ್ಕದಲ್ಲಿ ಯೂನಿಟ್‌ಗೆ 6 ಕಿ.ಮೀ. ಕಾರಿನ ಪರದೆ 7 ಅಂತ ತೋರಿಸುತ್ತೆ, ಚಾರ್ಜರ್‌ನಲ್ಲಿ ಬಿಸಿಯಾಗಿ ಹೋಗೋದನ್ನ ಅದು ಲೆಕ್ಕಕ್ಕೆ ತಗೊಳ್ಳಲ್ಲ. ಬಿಲ್ ಕಟ್ಟೋರು ನಾವು, ನಮಗೆ ಬೇಕಾದ್ದು 6. ಮೈಸೂರಲ್ಲಿ ಹಾಕಿಸೋ 100 ಕಿ.ಮೀ ಬಿಟ್ಟು 1,200 ಕಿ.ಮೀ ಮನೆಯಲ್ಲೇ ಚಾರ್ಜ್ ಆದರೆ 200 ಯೂನಿಟ್.

ಎಡವೋದು ಇಲ್ಲೇ. ನಿಮ್ಮ 90ಕ್ಕೆ ಈ 200 ಸೇರಿದರೆ 290. ಗೃಹಜ್ಯೋತಿಯಲ್ಲಿ 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕು, ದಾಟಿದ 90ಕ್ಕೆ ಮಾತ್ರ ಅಲ್ಲ. ತೆರಿಗೆ, ಇಂಧನ ಹೊಂದಾಣಿಕೆ ಎಲ್ಲ ಸೇರಿ ಯೂನಿಟ್‌ಗೆ 7 ರೂಪಾಯಿ ಹಿಡಿದರೆ 2,030. ಇಷ್ಟೂ ಕಾರಿನ ತಲೆಗೇ, ಯಾಕಂದರೆ ಕಾರು ಬರೋ ಮೊದಲು ಬಿಲ್ ಸೊನ್ನೆ ಇತ್ತು. ಮೈಸೂರಿನ ಫಾಸ್ಟ್ ಚಾರ್ಜಿಂಗ್‌ಗೆ ಇನ್ನೊಂದು 270. ಒಟ್ಟು 2,300. ತಿಂಗಳಿಗೆ ಉಳಿಯೋದು 6,650.

2.6 ಲಕ್ಷವನ್ನ ಇದರಿಂದ ಭಾಗಿಸಿದರೆ 39 ತಿಂಗಳು. ಸಾಲ ಮಾಡೋದಾದರೆ ಆ ಹೆಚ್ಚುವರಿ 2.6 ಲಕ್ಷಕ್ಕೆ ಶೇ 9ರಂತೆ 5 ವರ್ಷಕ್ಕೆ ಕಂತು 5,400. ಉಳಿತಾಯ ಕಂತಿಗಿಂತ ಹೆಚ್ಚು, ಹಾಗಾಗಿ ನಿಮಗೆ ಕೂಡುತ್ತೆ. ಇದನ್ನೇ ತಿಂಗಳಿಗೆ 600 ಕಿ.ಮೀ ಓಡಿಸೋರು ಮಾಡಿದರೆ ಉಳಿತಾಯ ಮೂರೂವರೆ ಸಾವಿರಕ್ಕೆ ನಿಲ್ಲುತ್ತೆ, ಕಂತು ಮಾತ್ರ ಅದೇ 5,400. ಅಂಥವರಿಗೆ ಪೆಟ್ರೋಲ್ ಕಾರೇ ಸರಿ. ಪರಿಸರದ ಮಾತು ಬೇರೆ, ನೀವು ಕೇಳಿದ್ದು ದುಡ್ಡಿನದ್ದು.

ಇವಿ ಚಾರ್ಜಿಂಗ್‌ಗೆ ಎಲ್‌ಟಿ-6(ಸಿ) ಅಂತ ಬೇರೆ ದರ ಇದೆ, 2024ರ ಆದೇಶದಲ್ಲಿ ಯೂನಿಟ್‌ಗೆ 4.50. ಚೆಸ್ಕಾಂ (ನಮ್ಮ ಕಡೆಯ ವಿದ್ಯುತ್ ಕಂಪನಿ) ಉಪವಿಭಾಗದಲ್ಲಿ ಪ್ರತ್ಯೇಕ ಮೀಟರ್‌ಗೆ ಅರ್ಜಿ ಹಾಕಿದರೆ ಮನೆಯ 90 ಯೂನಿಟ್ ಸೊನ್ನೆಯಲ್ಲೇ ಉಳಿಯುತ್ತೆ. ನಿಗದಿತ ಶುಲ್ಕ ಸೇರಿದರೂ ತಿಂಗಳಿಗೆ 600–700 ಉಳಿತಾಯ. ಮೀಟರ್ ಬೋರ್ಡು, ವೈರಿಂಗ್ ಖರ್ಚು ಮೊದಲ ವರ್ಷದಲ್ಲೇ ಹುಟ್ಟುತ್ತೆ.

ಒಂದು ಎಚ್ಚರಿಕೆ. ತೋಟದ 10 ಎಚ್‌ಪಿ ಪಂಪ್‌ಸೆಟ್ ಲೈನಿಂದ ವೈರ್ ಎಳೆಯೋ ಯೋಚನೆ ಬಂದಿದ್ದರೆ ಬಿಟ್ಟುಬಿಡಿ. ಒಂದು ಉದ್ದೇಶಕ್ಕೆ ಕೊಟ್ಟ ಸಂಪರ್ಕವನ್ನು ಇನ್ನೊಂದಕ್ಕೆ ಬಳಸಿದರೆ 2003ರ ವಿದ್ಯುತ್ ಕಾಯ್ದೆ ಸೆಕ್ಷನ್ 126ರಲ್ಲಿ ದುಪ್ಪಟ್ಟು ದರ ಹಾಕ್ತಾರೆ.

ಜೋಡುಪಾಲ ತಿರುವು
9 ನವೆಂಬರ್, ರಾತ್ರಿ 10.50

ಘಾಟಿಯ ಪ್ರಶ್ನೆಗೆ. ಮಡಿಕೇರಿಯಿಂದ ಸಂಪಾಜೆಗೆ 27 ಕಿ.ಮೀ, ಇಳಿಯೋದು ಸುಮಾರು 1,000 ಮೀಟರ್. ಇಬ್ಬರು ಕೂತ ಸಣ್ಣ ಇವಿಯ ತೂಕ 1,300 ಕಿಲೋ. ಅಷ್ಟು ತೂಕವನ್ನ ಸಾವಿರ ಮೀಟರ್ ಮೇಲೆತ್ತೋದಕ್ಕೇ 3.5 ಯೂನಿಟ್ ಬೇಕು. ಟಯರು, ಗಾಳಿಗೆ ಇನ್ನೊಂದು 1.5. ಮೋಟಾರು, ಇನ್ವರ್ಟರ್‌ನಲ್ಲಿ ಸೋರೋದು ಸೇರಿ ಸಂಪಾಜೆ ಗೇಟಿಂದ ಮಡಿಕೇರಿ ತಲುಪೋಕೆ ಬ್ಯಾಟರಿಯಿಂದ 6.5 ಯೂನಿಟ್ ಹೋಗುತ್ತೆ. 24ರ ಬ್ಯಾಟರಿಯಲ್ಲಿ ಶೇ 27. ಟಿಯಾಗೊದ್ದೇ ಸಣ್ಣ ಬ್ಯಾಟರಿ, 19.2ರದ್ದಾದರೆ ಶೇ 34, ಅಂದರೆ ಮೂರರಲ್ಲಿ ಒಂದು ಪಾಲು ಬರೀ 27 ಕಿ.ಮೀಗೆ. ಮೊದಲ ಸಲ ಹತ್ತುವಾಗ ಪರದೆ ಮೇಲಿನ ರೇಂಜ್ ಮದೆನಾಡು ಬರೋ ಹೊತ್ತಿಗೆ ಪಾತಾಳಕ್ಕಿಳಿದಿರುತ್ತೆ. ಗಾಬರಿ ಬೇಡ. ಹಿಂದಿನ ಕೆಲವು ಕಿ.ಮೀ ಆಧಾರದ ಮೇಲೆ ಅದು ಊಹೆ ಮಾಡ್ತಾ ಇರುತ್ತೆ, ಮುಂದೆ ಘಾಟಿ ಮುಗಿಯುತ್ತೆ ಅಂತ ಅದಕ್ಕೆ ಗೊತ್ತಿಲ್ಲ. ಕಿ.ಮೀ ನೋಡಬೇಡಿ, ಶೇಕಡಾ ನೋಡಿ.

ಇಳಿಯುವಾಗ ಎತ್ತರದ 3.5 ಯೂನಿಟ್‌ನಲ್ಲಿ 1.5 ಟಯರು ಗಾಳಿಗೇ ಹೋಗುತ್ತೆ. ಮಿಕ್ಕ 2ರಲ್ಲಿ ಬ್ಯಾಟರಿ ಸೇರೋದು 1, ಹೆಚ್ಚೆಂದರೆ 1.3. ಹತ್ತಿದ್ದು ಇಳಿದಾಗ ಎಲ್ಲ ವಾಪಸ್ ಬರುತ್ತೆ ಅನ್ನೋದು ಸೇಲ್ಸ್‌ನವರ ಮಾತು. ಬರೋದು ನಾಲ್ಕೈದು ಪರ್ಸೆಂಟ್. ಆದರೆ 27 ಕಿ.ಮೀ ಪುಕ್ಕಟೆ ಓಡಿ, ಮೇಲೆ ನಾಲ್ಕು ಪರ್ಸೆಂಟ್ ಕೈಗೆ ಬರೋದು ಪೆಟ್ರೋಲ್ ಗಾಡಿಯಲ್ಲಿ ಇಲ್ಲವಲ್ಲ.

ಮೂರ್ನಾಡಿಂದ ಸುಳ್ಯಕ್ಕೆ ಹೋಗಿ ಬರೋಕೆ ಒಟ್ಟು 13 ಯೂನಿಟ್ ಆಗುತ್ತೆ. 24ರ ಬ್ಯಾಟರಿಗೆ ಶೇ 90ರಲ್ಲಿ ಹೊರಟರೆ 35ರ ಹತ್ತಿರ ಉಳಿಸಿಕೊಂಡು ಮನೆ ಸೇರ್ತೀರಿ. ಕೆಳಗೆ ಚಾರ್ಜರ್ ಹುಡುಕೋ ಕೆಲಸ ಇಲ್ಲ. 19.2ರದ್ದಾದರೆ ಶೇ 22ರ ಹತ್ತಿರಕ್ಕೆ ಬರುತ್ತೆ, ಮಳೆಯಲ್ಲಿ ಅದು ಸಾಲದು. ಹಾಗಾಗಿ ಆ ಸಣ್ಣ ಬ್ಯಾಟರಿಯ ಮಾಡೆಲ್ (2025ರ ಬೆಲೆ 7.99 ಲಕ್ಷ) ನಿಮ್ಮ ಲೆಕ್ಕದಿಂದ ತೆಗೆದುಬಿಡಿ.

ಮೈಸೂರು ಮನೆಯಿಂದ 120 ಕಿ.ಮೀ. ಮಡಿಕೇರಿಗೂ ಮೈಸೂರಿಗೂ ಎತ್ತರದಲ್ಲಿ 400 ಮೀಟರ್ ವ್ಯತ್ಯಾಸ. ನಿಮ್ಮ ಕಡೆಯಿಂದ ಅದಕ್ಕಿಂತ ಕಡಿಮೆ. ಹೋಗೋದಕ್ಕಿಂತ ಬರೋದಕ್ಕೆ ತುಸು ಹೆಚ್ಚು ಯೂನಿಟ್ ಬೇಕು. ಒಂದೇ ಚಾರ್ಜಲ್ಲಿ ಎರಡೂ ಆಗಲ್ಲ, ಅಲ್ಲಿ ಊಟದ ಹೊತ್ತಲ್ಲಿ ಫಾಸ್ಟ್ ಚಾರ್ಜರ್‌ಗೆ ಹಾಕಲೇಬೇಕು. ಶೇ 10ರಿಂದ 80ಕ್ಕೆ ಸುಮಾರು ಒಂದು ಗಂಟೆ. ಒಂದೇ ಗನ್ (ಕಾರಿಗೆ ಸಿಕ್ಕಿಸೋ ಪ್ಲಗ್) ಇರೋ ಸ್ಟೇಷನ್ ನೆಚ್ಚಿಕೊಂಡು ಹೊರಡಬೇಡಿ. ಶನಿವಾರ ಭಾನುವಾರ ಬೆಂಗಳೂರಿನ ಗಾಡಿಗಳು ಕುಶಾಲನಗರದ ದಾರಿಯಲ್ಲೇ ಬರ್ತವೆ, ಸರದಿ ಇರುತ್ತೆ. ಕಂಪನಿ ಹೇಳೋ 293 ಕಿ.ಮೀ ಎಂಐಡಿಸಿ ಅನ್ನೋ ಲ್ಯಾಬ್ ಪರೀಕ್ಷೆಯದ್ದು. ಬಯಲಲ್ಲಿ ನಿಜವಾಗಿ ಬರೋದು 190ರಿಂದ 210. ನಮ್ಮಲ್ಲಿ ಜೂನ್–ಆಗಸ್ಟ್‌ಗೆ ಇನ್ನೂ ಶೇ 10–15 ತೆಗೆದುಹಾಕಿ: ರಸ್ತೆ ಮೇಲೆ ನೀರು, ಗಾಜಿನ ಮಂಜು ತೆಗೆಯೋಕೆ ಎಸಿ, ದಿನವಿಡೀ ಹೆಡ್‌ಲೈಟು.

ಇನ್ನೊಂದು ವಿಷಯ, ಇದು ಮಡಿಕೇರಿ ಪೇಟೆಯವರಿಗೆ ಹೆಚ್ಚು ಬೇಕಾದ್ದು. ಬ್ಯಾಟರಿ ಶೇ 100 ತುಂಬಿಸಿ ನೇರ ಸಂಪಾಜೆಗೆ ಇಳಿದರೆ ರೀಜನ್ (ಇಳಿಯುವಾಗ ಮೋಟಾರೇ ಗಾಡಿ ತಡೆದು ಬ್ಯಾಟರಿ ತುಂಬಿಸೋದು) ಕೆಲಸ ಮಾಡಲ್ಲ. ತುಂಬಿದ ಕೊಡಕ್ಕೆ ನೀರು ಹುಯ್ದ ಹಾಗೆ, ಹಾಕೋಕೆ ಜಾಗ ಇರಲ್ಲ. ಗಾಡಿ ನ್ಯೂಟ್ರಲ್‌ನಲ್ಲಿ ಬಿಟ್ಟಂತೆ ಓಡುತ್ತೆ, ಎಲ್ಲ ಭಾರ ಬ್ರೇಕಿನ ಮೇಲೆ. ಪೆಟ್ರೋಲ್ ಕಾರಲ್ಲಿ ಎರಡನೇ ಗೇರ್ ಹಾಕಿ ಇಳಿದು ಅಭ್ಯಾಸ ಇರೋರಿಗೆ ಮೊದಲ ತಿರುವಲ್ಲೇ ಗೊತ್ತಾಗುತ್ತೆ. ಶೇ 90ಕ್ಕೆ ನಿಲ್ಲಿಸಿ ಇಳಿಯಿರಿ, ರೀಜನ್ 2 ಅಥವಾ 3ರಲ್ಲಿಡಿ. ನಿಮಗೆ ಈ ತೊಂದರೆ ಇಲ್ಲ, ಮೂರ್ನಾಡಿಂದ ಮಡಿಕೇರಿ ಹತ್ತೋ ಹೊತ್ತಿಗೇ 2 ಯೂನಿಟ್ ಖಾಲಿಯಾಗಿರುತ್ತೆ.

ನ್ಯೂಟ್ರಲ್ ಅರ್ಥ್
10 ನವೆಂಬರ್, ಬೆಳಿಗ್ಗೆ 6.30

ವೈರಿಂಗ್ ಬಗ್ಗೆ. ಕೊಡಗಿನ ಹಳೇ ಮನೆಗಳಲ್ಲಿ ಚಾರ್ಜಿಂಗ್ ಆಗದೆ ಇರೋದಕ್ಕೆ ಹತ್ತರಲ್ಲಿ ಎಂಟು ಸಲ ಕಾರಣ ಅರ್ಥಿಂಗ್. ಕಾರಿನ ಜೊತೆ ಕೊಡೋ ಕೇಬಲ್‌ನ ಡಬ್ಬಿ ಮೊದಲು ಅರ್ಥ್ ಇದೆಯಾ ನೋಡುತ್ತೆ. ಇಲ್ಲದಿದ್ದರೆ ಕೆಂಪು ದೀಪ ಹಾಕಿ ಕೂತುಬಿಡುತ್ತೆ. ಅದನ್ನ ಮೋಸ ಮಾಡೋಕೆ ಸಾಕೆಟ್ ಒಳಗೆ ಅರ್ಥ್ ಪಿನ್ನಿಗೆ ನ್ಯೂಟ್ರಲ್ ಜೋಡಿಸೋರಿದ್ದಾರೆ. ದಯವಿಟ್ಟು ಯಾರೂ ಮಾಡಬೇಡಿ. ಲೈನಲ್ಲಿ ಎಲ್ಲೋ ಮರ ಬಿದ್ದು ನ್ಯೂಟ್ರಲ್ ಕಡಿದರೆ ಕಾರಿನ ಬಾಡಿಗೇ 230 ವೋಲ್ಟ್ ಬರುತ್ತೆ. ಒದ್ದೆ ಅಂಗಳದಲ್ಲಿ ನಿಂತು ಬಾಗಿಲು ಮುಟ್ಟಿದವರ ಕಥೆ ಮುಗೀತು.

ಪರೀಕ್ಷೆ ಸುಲಭ. ಮಲ್ಟಿಮೀಟರ್‌ನಲ್ಲಿ ಸಾಕೆಟ್‌ನ ನ್ಯೂಟ್ರಲ್‌ಗೂ ಅರ್ಥ್‌ಗೂ ಮಧ್ಯೆ ಅಳೆಯಿರಿ, ಮನೆಯಲ್ಲಿ ಗೀಸರ್ ಓಡ್ತಾ ಇರುವಾಗಲೇ ಅಳೆಯಿರಿ. 3 ವೋಲ್ಟ್ ಒಳಗಿದ್ದರೆ ಒಳ್ಳೇದು, 5 ದಾಟಿದರೆ ಹೊಸ ಅರ್ಥ್ ಹಾಕಿಸಿ. ಎರಡೂವರೆಯಿಂದ ಮೂರು ಮೀಟರ್ ಆಳದ ಗುಂಡಿ, ಜಿಐ ಪೈಪ್, ಸುತ್ತ ಇದ್ದಿಲು ಉಪ್ಪು, 8 ಗೇಜ್ ತಾಮ್ರದ ತಂತಿ. ಬಚ್ಚಲ ನೀರು ಹರಿಯೋ ಕಡೆ ತೋಡಿಸಿ, ಮಾರ್ಚ್‌ನಲ್ಲೂ ಮಣ್ಣು ಒದ್ದೆ ಇರುತ್ತೆ. ಮಳೆಗಾಲದಲ್ಲಿ ಚೆನ್ನಾಗಿದ್ದ ಅರ್ಥ್ ಬೇಸಿಗೆಯಲ್ಲಿ ಕೈಕೊಡೋದು ಮಣ್ಣು ಒಣಗಿ.

ವೈರು. ಹಳೇ ಮನೆಯ 1.5 ಚದರ ಮಿ.ಮೀ ವೈರಲ್ಲಿ ಫ್ರಿಜ್ ಓಡುತ್ತೆ, ಕಾರು ಅಲ್ಲ. ಬೋರ್ಡಿಂದ ಕಾರು ನಿಲ್ಲಿಸೋ ಜಾಗಕ್ಕೆ 30 ಮೀಟರ್ ಇದ್ದರೆ, 15 ಆಂಪ್ ಹರಿಯುವಾಗ ಆ ವೈರಲ್ಲಿ 11 ವೋಲ್ಟ್ ಕಳೆದುಹೋಗುತ್ತೆ. 160 ವ್ಯಾಟ್ ಗೋಡೆಯೊಳಗೆ ಬರೀ ಬಿಸಿಯಾಗುತ್ತೆ, ಅದೂ ರಾತ್ರಿಯಿಡೀ. 4 ಚದರ ಮಿ.ಮೀ ತಾಮ್ರ ಹಾಕಿದರೆ 4 ವೋಲ್ಟ್. ಮೇನ್ ಬೋರ್ಡಿಂದ ಕಾರಿಗೆ ಅಂತಲೇ ಪ್ರತ್ಯೇಕ ಲೈನ್ ಎಳೆಸಿ, 20 ಆಂಪ್ ಎಂಸಿಬಿ, 30 ಮಿಲಿ ಆಂಪ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗೋ ಸ್ವಿಚ್) ಹಾಕಿ. ಸಾಕೆಟ್ ಗೀಸರ್‌ಗೆ ಹಾಕೋ ಬಿಳಿ ಮಾಡ್ಯುಲರ್ ಬೇಡ. ಗೀಸರ್ ಅರ್ಧ ಗಂಟೆ ಎಳೆದು ನಿಲ್ಲುತ್ತೆ, ಕಾರು ಎಂಟು ಗಂಟೆ ಬಿಡದೆ ಎಳೆಯುತ್ತೆ. ಮೊದಲು ಪಿನ್ನಿನ ಸುತ್ತ ಕಂದು ಬಣ್ಣ ಬರುತ್ತೆ, ಆಮೇಲೆ ಸುಟ್ಟ ವಾಸನೆ, ಆಮೇಲೆ ಪಿನ್ ಒಳಗೇ ಅಂಟಿಕೊಳ್ಳುತ್ತೆ. ಮೂರು ತಿಂಗಳಿಗೊಮ್ಮೆ ಸಾಕೆಟ್ ಬಿಚ್ಚಿ ಸ್ಕ್ರೂ ಬಿಗಿ ಮಾಡಿಸಿ.

ವೋಲ್ಟೇಜ್ ಇನ್ನೊಂದು ತಲೆನೋವು. ಫೆಬ್ರವರಿ–ಮಾರ್ಚ್‌ನಲ್ಲಿ ಹೂ ಮಳೆ ಕೈಕೊಟ್ಟಾಗ ಎಲ್ಲರೂ ಸ್ಪ್ರಿಂಕ್ಲರ್ ಮೋಟಾರು ಹಾಕ್ತಾರೆ, ಲೈನಿನ ಕೊನೆ ಮನೆಗೆ 190 ವೋಲ್ಟ್ ಬಂದರೆ ಪುಣ್ಯ. ಚಾರ್ಜರ್ ಎಳೆಯೋ ಆಂಪ್ ಅಷ್ಟೇ ಇರುತ್ತೆ. 230 ವೋಲ್ಟ್‌ನಲ್ಲಿ 14 ಆಂಪ್ ಅಂದರೆ 3.2 ಕಿಲೋವ್ಯಾಟ್, 190ರಲ್ಲಿ 2.7. ಎಂಟೂವರೆ ಗಂಟೆಯ ಚಾರ್ಜ್ ಹತ್ತೂವರೆಗೆ ಹೋಗುತ್ತೆ. ಇನ್ನೂ ಕೆಳಗಿಳಿದರೆ ಚಾರ್ಜರ್ ತಾನೇ ಬಿಟ್ಟುಬಿಡುತ್ತೆ. ನೀವು ದಿನಕ್ಕೆ 30–60 ಕಿ.ಮೀ ಓಡಿಸೋದು, 5ರಿಂದ 10 ಯೂನಿಟ್ ಸಾಕು. ರಾತ್ರಿ 11ಕ್ಕೆ ಶುರುವಾಗೋ ಹಾಗೆ ಟೈಮರ್ ಇಡಿ, ಆ ಹೊತ್ತಿಗೆ ಮೋಟಾರುಗಳು ನಿಂತಿರ್ತವೆ. 7.2 ಕಿಲೋವ್ಯಾಟ್ ಗೋಡೆ ಚಾರ್ಜರ್‌ಗೆ ಹೆಚ್ಚುವರಿ ದುಡ್ಡು ಕೊಡಬೇಡಿ. ಅದು 32 ಆಂಪ್ ಎಳೆದರೆ ನಿಮ್ಮ ಲೈನ್ ಮಲಗುತ್ತೆ, ಮಂಜೂರಾದ ಲೋಡ್ ಏರಿಸೋ ಖರ್ಚು ಬೇರೆ.

ಏಪ್ರಿಲ್–ಮೇ ಗುಡುಗಿಗೆ ಬೋರ್ಡಲ್ಲಿ ಟೈಪ್ 2 ಸರ್ಜ್ ಪ್ರೊಟೆಕ್ಟರ್ ಇರಲಿ. ಅದಿದ್ದರೂ ಮೋಡ ಕಟ್ಟಿದಾಗ ಪ್ಲಗ್ ಕಿತ್ತಿಡಿ.

ಬಾಣೆಮನೆ
10 ನವೆಂಬರ್, ರಾತ್ರಿ 8.05

ತುಂಬಾ ಉಪಕಾರ. ಅರ್ಥ್ ಅಳೆಸಿದೆ, 9 ವೋಲ್ಟ್ ತೋರಿಸ್ತು. ಹೊಸದು ಹಾಕಿಸೋದೇ. ಜುಲೈನಲ್ಲಿ ಕರೆಂಟ್ ಹೋದರೆ ಮೂರು ನಾಲ್ಕು ದಿನ ಬರಲ್ಲ, ಮನೆಯಲ್ಲಿ 5 ಕೆವಿಎ ಡೀಸೆಲ್ ಜನರೇಟರ್ ಇದೆ. ಅದರಲ್ಲಿ ಚಾರ್ಜ್ ಮಾಡಬಹುದಾ? ಕಾಮೆಟ್ ಬಗ್ಗೆ ಯಾರೂ ಹೇಳಿಲ್ಲ. 4.99 ಲಕ್ಷಕ್ಕೆ ಸಿಗುತ್ತೆ ಅನ್ನೋ ಜಾಹೀರಾತು ಮನೆಯಲ್ಲಿ ಇನ್ನೂ ಓಡಾಡ್ತಾ ಇದೆ.

ಹಳೇ ಜೀಪು
10 ನವೆಂಬರ್, ರಾತ್ರಿ 9.30

4.99 ಲಕ್ಷ ಬ್ಯಾಟರಿ ಇಲ್ಲದ ಬೆಲೆ. 2024ರ ಸೆಪ್ಟೆಂಬರ್‌ನಲ್ಲಿ ಆ ಸ್ಕೀಮ್ ಬಂದಾಗ ಬ್ಯಾಟರಿ ಬಾಡಿಗೆ ಕಿ.ಮೀಗೆ 2.50. 1,300 ಕಿ.ಮೀಗೆ 3,250 ಬಾಡಿಗೆ, ಮೇಲೆ ಕರೆಂಟ್. ಕಾಗದ ಓದುವಾಗ ತಿಂಗಳಿಗೆ ಇಷ್ಟು ಕಿ.ಮೀ ಕನಿಷ್ಠ ಅಂತ ಷರತ್ತು ಇದೆಯಾ ನೋಡಿ. 1,500 ಅಂತ ಇದ್ದರೆ ಗಾಡಿ ಕೊಟ್ಟಿಗೆಯಲ್ಲಿ ನಿಂತರೂ 3,750 ಹೋಗುತ್ತೆ.

ಬೆಲೆ ಬಿಡಿ, ಕಾಮೆಟ್ ನಮ್ಮ ರಸ್ತೆಯ ಗಾಡಿಯೇ ಅಲ್ಲ. 12 ಇಂಚಿನ ಚಕ್ರ, 145 ಅಗಲದ ಟಯರು, 17.3ರ ಬ್ಯಾಟರಿ, ಡಿಸಿ ಫಾಸ್ಟ್ ಚಾರ್ಜಿಂಗ್ ಇಲ್ಲ, ಸ್ಪೇರ್ ವೀಲ್ ಇಲ್ಲ. ಮೈಸೂರಿಗೆ ಹೋದರೆ ಬರೋದು ಮಾರನೇ ದಿನ. ಮಡಿಕೇರಿ ಪೇಟೆಯೊಳಗೇ ಇರೋರಿಗೆ, ಮಾರ್ಕೆಟ್ ರಸ್ತೆಯಲ್ಲಿ ಪಾರ್ಕಿಂಗ್‌ಗೆ ಒದ್ದಾಡೋರಿಗೆ ಅದರಷ್ಟು ಚೆಂದದ ಗಾಡಿ ಇನ್ನೊಂದಿಲ್ಲ, ಅದೂ ನಿಜ.

ಯಾರೂ ನಿಮ್ಮ 700 ಮೀಟರ್ ಬಗ್ಗೆ ಮಾತಾಡಿಲ್ಲ. ಟಿಯಾಗೊ ಇವಿ ಗ್ರೌಂಡ್ ಕ್ಲಿಯರೆನ್ಸ್ 166 ಮಿ.ಮೀ, ಖಾಲಿ ಗಾಡಿಗೆ. ಐದು ಜನ ಕೂತು ಡಿಕ್ಕಿಯಲ್ಲಿ ಒಂದು ಚೀಲ ಹಾಕಿದರೆ 30–35 ಮಿ.ಮೀ ಕೂರುತ್ತೆ. ಉಳಿಯೋದು 13 ಸೆಂ.ಮೀ. ತೋಟದ ರಸ್ತೆಯಲ್ಲಿ ಜೀಪು, ಪಿಕಪ್ ಓಡಿ ಓಡಿ ಎರಡು ಜಾಡು ಇಳಿದಿರುತ್ತೆ, ಮಧ್ಯೆ ದಿಬ್ಬ ಎದ್ದಿರುತ್ತೆ. ಒಂದು ನೇರ ರೀಪರ್ ತಗೊಂಡು ದಿಬ್ಬದ ಮೇಲೆ ಅಡ್ಡ ಇಡಿ, ಮಟ್ಟಗೋಲಲ್ಲಿ ಸಮ ಮಾಡಿ, ಅಲ್ಲಿಂದ ಜಾಡಿನ ತಳಕ್ಕೆ ಟೇಪ್ ಹಿಡಿಯಿರಿ. ಹತ್ತು ಕಡೆ ಅಳೆಯಿರಿ. ಅದರಲ್ಲಿ ಅತಿ ಹೆಚ್ಚು ಬಂದದ್ದೇ ನಿಮ್ಮ ರಸ್ತೆಯ ಅಳತೆ. 12ರ ಒಳಗಿದ್ದರೆ ಟಿಯಾಗೊ ನಡೆಯುತ್ತೆ. 13 ದಾಟಿದರೆ ಪಂಚ್ ಇವಿ ನೋಡಬೇಕಾಗುತ್ತೆ, ಅದು 190 ಮಿ.ಮೀ. 2025ರ ಬೆಲೆ 9.99 ಲಕ್ಷದಿಂದ ಶುರು, ಆದರೆ ಆ ಬೆಲೆಗೆ ಬರ್ತಿದ್ದದ್ದು 25ರ ಬ್ಯಾಟರಿ.

ತಳ ತಾಗಿದರೆ ಪೆಟ್ರೋಲ್ ಗಾಡಿಯಲ್ಲಿ ಸೈಲೆನ್ಸರ್ ಹೋಗುತ್ತೆ. ಇದರಲ್ಲಿ ತಾಗೋದು ಬ್ಯಾಟರಿ ಪೆಟ್ಟಿಗೆ. ಹೊರಗಿನ ಏಟಿಗೆ 8 ವರ್ಷ 1,60,000 ಕಿ.ಮೀ ವಾರಂಟಿ ಅನ್ವಯಿಸಲ್ಲ, ಅದು ವಿಮೆಗೆ ಹೋಗೋ ವಿಷಯ. ವಿಮೆ ಮಾಡಿಸುವಾಗ ಬ್ಯಾಟರಿ ರಕ್ಷಣೆ ಆಡ್ ಆನ್ ತಗೊಳ್ಳಿ, ಜೀರೋ ಡೆಪ್ (ಸವಕಳಿ ಕಳೆಯದೆ ದುಡ್ಡು ಕೊಡೋ ವಿಮೆ) ಒಂದೇ ಸಾಲದು.

ಒದ್ದೆ ಮಣ್ಣಿನ ಏರಲ್ಲಿ ಇವಿಯ ಟಾರ್ಕ್ ಒಮ್ಮೆಲೇ ಬಂದು ಮುಂದಿನ ಚಕ್ರ ಸುತ್ತುತ್ತೆ. ಸ್ಪೋರ್ಟ್ ಮೋಡ್ ಬೇಡ, ಕಾಲು ನಿಧಾನ. ಏರಿನ ಮಧ್ಯೆ ನಿಲ್ಲಿಸಿ ಮತ್ತೆ ಹೊರಡೋದನ್ನ ಟೆಸ್ಟ್ ಡ್ರೈವ್‌ನಲ್ಲಿ ನಿಮ್ಮ ರಸ್ತೆಯಲ್ಲೇ ಮಾಡಿ, ಶೋರೂಮ್ ಮುಂದಿನ ತಾರು ರಸ್ತೆಯಲ್ಲಿ ಅಲ್ಲ.

ಐಪಿ67 ಅಂದರೆ ಬ್ಯಾಟರಿ ಪೆಟ್ಟಿಗೆ ಒಂದು ಮೀಟರ್ ನೀರಲ್ಲಿ ಅರ್ಧ ಗಂಟೆ ತಡೆಯುತ್ತೆ ಅನ್ನೋ ಪರೀಕ್ಷೆ. ಗಾಡಿ ಒಂದು ಮೀಟರ್ ನೀರಲ್ಲಿ ಓಡುತ್ತೆ ಅಂತ ಅಲ್ಲ. ಬೊಳಿಬಾಣೆಯಲ್ಲಿ ಕಾವೇರಿ ರಸ್ತೆಗೆ ಬಂದ ದಿನ ಎಲ್ಲ ಗಾಡಿಯ ಹಾಗೆ ಇದೂ ಸುತ್ತು ಹಾಕಿಕೊಂಡೇ ಹೋಗಬೇಕು.

ಕೆಟ್ಟು ನಿಂತರೆ ಹಗ್ಗ ಕಟ್ಟಿ ಎಳೆಯೋ ಹಾಗಿಲ್ಲ. ಚಕ್ರ ತಿರುಗಿದರೆ ಮೋಟಾರು ತಿರುಗುತ್ತೆ, ಕರೆಂಟ್ ಹುಟ್ಟುತ್ತೆ, ಇನ್ವರ್ಟರ್ ಸುಡಬಹುದು. ನಾಲ್ಕೂ ಚಕ್ರ ಎತ್ತೋ ಫ್ಲಾಟ್‌ಬೆಡ್ ಬೇಕು. ರೋಡ್‌ಸೈಡ್ ಅಸಿಸ್ಟೆನ್ಸ್ ಎಷ್ಟು ಕಿ.ಮೀವರೆಗೆ ಪುಕ್ಕಟೆ ಅಂತ ಕಾಗದದಲ್ಲಿ ನೋಡಿ, ಹೈವೋಲ್ಟೇಜ್ ಕೆಲಸಕ್ಕೆ ಮೈಸೂರಿಗೇ ಹೋಗಬೇಕಾಗಬಹುದು. ಮತ್ತೆ ಇಲಿ. ಕಾಫಿ ಗೋಡೌನ್ ಪಕ್ಕ ನಿಲ್ಲಿಸಿದ ಗಾಡಿಯ ಕಿತ್ತಳೆ ಬಣ್ಣದ ಹೈವೋಲ್ಟೇಜ್ ವೈರನ್ನ ಅದು ಕಡಿದರೆ ಹಾರ್ನೆಸ್ ಪೂರ್ತಿ ಬದಲಾಯಿಸ್ತಾರೆ. ಜಾಲರಿ ಹೊಡೆಸಿ.

ನ್ಯೂಟ್ರಲ್ ಅರ್ಥ್
11 ನವೆಂಬರ್, ಬೆಳಿಗ್ಗೆ 6.10

ಜನರೇಟರ್ ವಿಷಯ: ಆಗುತ್ತೆ, ಆದರೆ ಮೊದಲ ಸಲ ಖಂಡಿತ ಕೆಂಪು ದೀಪ ಬರುತ್ತೆ. ಸಣ್ಣ ಜನರೇಟರ್‌ಗಳಲ್ಲಿ ನ್ಯೂಟ್ರಲ್ ತೇಲ್ತಾ ಇರುತ್ತೆ, ಅರ್ಥ್‌ಗೆ ಸೇರಿರಲ್ಲ. ಎಲೆಕ್ಟ್ರಿಷಿಯನ್ ಕೈಲಿ ಜನರೇಟರ್ ಹತ್ತಿರವೇ ನ್ಯೂಟ್ರಲ್‌ಗೆ ಅರ್ಥ್ ಬಾಂಡ್ ಮಾಡಿಸಿ, ಜನರೇಟರ್ ಬಾಡಿಗೂ ಅದೇ ಅರ್ಥ್. ಮನೆ ಲೈನಿಗೆ ಚೇಂಜ್ ಓವರ್ ಸ್ವಿಚ್ ಇಲ್ಲದೆ ಸೇರಿಸಲೇಬೇಡಿ, ಕಂಬದ ಮೇಲಿರೋ ಲೈನ್‌ಮನ್‌ಗೆ ಹೊಡೆಯುತ್ತೆ. 5 ಕೆವಿಎ ಅಂದರೆ ನಿಜವಾಗಿ 4 ಕಿಲೋವ್ಯಾಟ್, ಕಾರು 3 ಎಳೆಯುತ್ತೆ. ಫ್ರಿಜ್ ಬಿಟ್ಟು ಬೇರೆ ಏನೂ ಹಾಕಬೇಡಿ.

ಲೀಟರ್ ಡೀಸೆಲ್‌ಗೆ ಎರಡೂವರೆ ಮೂರು ಯೂನಿಟ್ ಬರುತ್ತೆ, ಅಂದರೆ ಲೀಟರ್‌ಗೆ 15–18 ಕಿ.ಮೀ. ಡೀಸೆಲ್ ಕಾರು ಓಡಿಸಿದ ಹಾಗೇ ಆಯ್ತು. ತುರ್ತಿಗೆ ಸರಿ, ರೂಢಿಗೆ ಬೇಡ. ಅದಕ್ಕಿಂತ ಜೂನ್ 1ರಿಂದ ಆಗಸ್ಟ್ ಕೊನೆವರೆಗೆ ಶೇ 60ರ ಕೆಳಗೆ ಇಳಿಸಬೇಡಿ. 24ರ ಬ್ಯಾಟರಿಯಲ್ಲಿ ಅದು ಮಡಿಕೇರಿಗೆ ಮೂರು ದಿನದ ಓಡಾಟ. ಛಾವಣಿ ಸೋಲಾರ್ ಹಾಕಿಸಿದರೂ ಗ್ರಿಡ್‌ಗೆ ಸೇರಿದ್ದಾದರೆ ಕರೆಂಟ್ ಹೋದಾಗ ಅದೂ ನಿಲ್ಲುತ್ತೆ, ಮಳೆಗಾಲದ ಉತ್ತರ ಅದಲ್ಲ.

ಬ್ರೇಕ್ ಬಗ್ಗೆ ಒಂದು ಮಾತು. ರೀಜನ್‌ನಲ್ಲೇ ಓಡಿಸ್ತಾ ಇದ್ದರೆ ಮಳೆಗಾಲದಲ್ಲಿ ಡಿಸ್ಕ್ ತುಕ್ಕು ಹಿಡಿಯುತ್ತೆ. ವಾರಕ್ಕೊಮ್ಮೆ ರೀಜನ್ ಸೊನ್ನೆಗೆ ಇಟ್ಟು ಖಾಲಿ ರಸ್ತೆಯಲ್ಲಿ ನಾಲ್ಕೈದು ಸಲ ಗಟ್ಟಿಯಾಗಿ ಬ್ರೇಕ್ ಒತ್ತಿ.

ಲೆಕ್ಕದಪುಸ್ತಕ
11 ನವೆಂಬರ್, ಮಧ್ಯಾಹ್ನ 1.20

ಸೆಕೆಂಡ್ ಹ್ಯಾಂಡ್ ಬಗ್ಗೆ ಖಾಸಗಿಯಾಗಿ ಕೇಳಿದ್ರಿ, ಎಲ್ಲರಿಗೂ ಉಪಯೋಗ ಆಗಲಿ ಅಂತ ಇಲ್ಲೇ ಹೇಳ್ತೀನಿ. ಮೂರು ವರ್ಷದ ಇವಿ ಕಡಿಮೆಗೆ ಸಿಗುತ್ತೆ, ನೋಡಬೇಕಾದ್ದು ಓಡಿದ ಕಿ.ಮೀ ಅಲ್ಲ. ಸರ್ವಿಸ್ ಸೆಂಟರ್‌ನಲ್ಲಿ ಬ್ಯಾಟರಿಯ ಆರೋಗ್ಯದ ಶೇಕಡಾ ಮತ್ತು ಸೆಲ್‌ಗಳ ನಡುವಿನ ವೋಲ್ಟೇಜ್ ವ್ಯತ್ಯಾಸದ ರಿಪೋರ್ಟ್ ಬರೆಸಿಕೊಳ್ಳಿ. ಶೇ 100 ತುಂಬಿಸಿ ಮಡಿಕೇರಿ–ಕುಶಾಲನಗರ ಹೋಗಿ ಬನ್ನಿ. 60 ಕಿ.ಮೀಗೆ ಶೇ 35ಕ್ಕಿಂತ ಹೆಚ್ಚು ಇಳಿದರೆ ಮುಂದೆ ಮಾತಾಡಬೇಡಿ. ಆರ್‌ಸಿಯಲ್ಲಿ ಮೊದಲು ಟ್ಯಾಕ್ಸಿಯಾಗಿತ್ತಾ ನೋಡಿ, ವಾರಂಟಿ ನಿಮ್ಮ ಹೆಸರಿಗೆ ವರ್ಗ ಆಗುತ್ತೆ ಅಂತ ಕಂಪನಿಯಿಂದಲೇ ಬರಹದಲ್ಲಿ ಪಡೆಯಿರಿ.

ಬಾಣೆಮನೆ
13 ನವೆಂಬರ್, ಸಂಜೆ 6.45

ರೀಪರ್ ಹಿಡಿದು ಹತ್ತು ಕಡೆ ಅಳೆದಾಯ್ತು. ಎಂಟು ಕಡೆ 9ರಿಂದ 11. ಕೆರೆ ಪಕ್ಕದ ತಿರುವಲ್ಲಿ ಸುಮಾರು 60 ಮೀಟರ್ ಉದ್ದಕ್ಕೆ 14, ಒಂದು ಕಡೆ 15. ಇಷ್ಟಕ್ಕೇ ಪಂಚ್‌ಗೆ ಹೋಗಬೇಕಾ?

ಹಳೇ ಜೀಪು
13 ನವೆಂಬರ್, ರಾತ್ರಿ 8.20

ಬೇಡ. ದಿಬ್ಬ ಕೆರೆಯಬೇಡಿ, ಕೆರೆದರೆ ನೀರು ಮಧ್ಯೆ ನಿಲ್ಲುತ್ತೆ. ಜಾಡು ತುಂಬಿಸಿ. 60 ಮೀಟರ್, ಎರಡು ಜಾಡು, ತಲಾ 60 ಸೆಂ.ಮೀ ಅಗಲ, 5 ಸೆಂ.ಮೀ ದಪ್ಪ. ಲೆಕ್ಕಕ್ಕೆ 3.6 ಘನ ಮೀಟರ್, ನಮ್ಮ ಮಾತಲ್ಲಿ 130 ಘನ ಅಡಿ, ಸಣ್ಣ ಟಿಪ್ಪರ್‌ನ ಒಂದು ಲೋಡು. ಬರೀ ದಪ್ಪ ಜಲ್ಲಿ ಹಾಕಿದರೆ ಚಕ್ರ ಒದ್ದು ಪಕ್ಕಕ್ಕೆ ಹಾರಿಸುತ್ತೆ. 20 ಮಿ.ಮೀ ಜಲ್ಲಿಗೆ ಕ್ರಷರ್ ಪುಡಿ ಬೆರೆಸಿ, ನೀರು ಚಿಮುಕಿಸಿ, ಪಿಕಪ್‌ಗೆ ಕಾಫಿ ಚೀಲ ಹೇರಿಕೊಂಡು ಹತ್ತು ಸಲ ಓಡಾಡಿಸಿ. ಕೆರೆ ಕಡೆ ನೀರು ಹೋಗೋಕೆ 5 ಮೀಟರಿಗೊಂದು ಅಡ್ಡ ಕಾಲುವೆ ಬಿಡಿ, ಇಲ್ಲದಿದ್ದರೆ ಮುಂದಿನ ಜುಲೈಗೆ ಜಲ್ಲಿ ಎಲ್ಲ ಕೆರೆಯಲ್ಲಿರುತ್ತೆ. ಕೊಯ್ಲು ಶುರುವಾದರೆ ಆಳು ಸಿಗಲ್ಲ, ಈ ತಿಂಗಳೇ ಮಾಡಿಸಿಬಿಡಿ.